ಹೆಗಲಿಗೊಪ್ಪುವ ಚೀಲ

ಮೈಸೂರಿನ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದ ಕಾಲದಲ್ಲಿ ಸಭೆಯಲ್ಲಿ ಆಡಿದ ಮಾತುಗಳ ಪೈಕಿ ಜನರ ನೆನಪಿನಲ್ಲಿ ಉಳಿದಿರುವುದು ರಾಜಕಾರಣವನ್ನು ಕುರಿತದ್ದಲ್ಲ, ಶಾಲೆಗೆ ಹೋಗುವ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲವನ್ನು ಕುರಿತದ್ದು. ಆ ಮಾತಿನ ಪರಿಣಾಮವು ದೂರದವರೆಗೆ ಸಾಗಿತು. ವಿಜ್ಞಾನಿ ಯಶಪಾಲರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು ಕಲಿಕೆಯ ಹೊರೆಯನ್ನು ಕುರಿತು 1993ರಲ್ಲಿ ವರದಿಯನ್ನೊಪ್ಪಿಸಿತು. 2019ರಲ್ಲಿ ಕರ್ನಾಟಕ ಸರ್ಕಾರವು ತರಗತಿಗೆ ತಕ್ಕಂತೆ ಶಾಲಾ ಚೀಲದ ತೂಕಕ್ಕೆ ಮಿತಿಯನ್ನು ಗೊತ್ತುಪಡಿಸಿ, ಒಂದನೆಯ ತರಗತಿಯ ಮಗು ಎರಡು ಕಿಲೋವನ್ನೂ ಹತ್ತನೆಯ ತರಗತಿಯ ವಿದ್ಯಾರ್ಥಿ ಐದು ಕಿಲೋವನ್ನೂ ಮೀರಿ ಹೊರಬಾರದೆಂದು ಸುತ್ತೋಲೆ ಹೊರಡಿಸಿತು. ಮರುವರ್ಷ ಕೇಂದ್ರ ಸರ್ಕಾರದ ಶಾಲಾ ಚೀಲದ ನೀತಿಯು ಮಗುವಿನ ದೇಹದ ತೂಕದ ಹತ್ತರಲ್ಲೊಂದು ಪಾಲನ್ನೇ ಮೇರೆಯೆಂದು ಹೇಳಿತು.

ಆದರೆ ಅದೇ ಮಗು ಬೆಳೆದು, ಪದವಿ ಪಡೆದು, ಉದ್ಯೋಗಸ್ಥನಾಗಿ ಅಥವಾ ಉದ್ಯೋಗಸ್ಥೆಯಾಗಿ ಪ್ರಾತಃಕಾಲದಲ್ಲಿ ಮನೆಯಿಂದ ಹೊರಟಾಗ, ಅವರ ಹೆಗಲಿನ ಮೇಲಿರುವ ಹೊರೆಯನ್ನು ತೂಗಿ ನೋಡುವ ಸಮಿತಿಯಾಗಲಿ ಸುತ್ತೋಲೆಯಾಗಲಿ ಯಾವುದೂ ಇಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದಲ್ಲಿ ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ಒಂದು ಮಾರ್ಗದಿಂದ ಮತ್ತೊಂದು ಮಾರ್ಗಕ್ಕೆ ಮೆಟ್ಟಿಲೇರಿ ಇಳಿಯುವ ಜನಪ್ರವಾಹವನ್ನು ಒಂದು ಬದಿಯಲ್ಲಿ ನಿಂತು ನೋಡಿದರೆ, ಒಂದು ಹೆಗಲನ್ನು ಕಿವಿಯವರೆಗೆ ಎತ್ತಿಕೊಂಡು ಇನ್ನೊಂದನ್ನು ಇಳಿಬಿಟ್ಟು ನಡೆಯುವವರೆಷ್ಟು ಮಂದಿ, ಬೆನ್ನಿನಿಂದ ಒಂದು ಗೇಣು ಕೆಳಗೆ ಜೋತಾಡುವ ಚೀಲವನ್ನು ಹೆಜ್ಜೆಹೆಜ್ಜೆಗೂ ಸೊಂಟಕ್ಕೆ ಬಡಿಸಿಕೊಳ್ಳುತ್ತ ಓಡುವವರೆಷ್ಟು ಮಂದಿ ಎಂಬುದು ಕಣ್ಣಿಗೆ ಕಟ್ಟುತ್ತದೆ. ಪಾದರಕ್ಷೆಯನ್ನು ಕೊಳ್ಳುವಾಗ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡುವ ನಾವು, ಅದರಂತೆಯೇ ದಿನನಿತ್ಯ ದೇಹಕ್ಕಂಟಿಕೊಂಡಿರುವ ಈ ಚೀಲವನ್ನು ಮಾತ್ರ ಬಣ್ಣವನ್ನೂ ಬೆಲೆಯನ್ನೂ ನೋಡಿ ಕೊಂಡುಬಿಡುತ್ತೇವೆ. ಈ ಕ್ರಮವು ತಲೆಕೆಳಗಾದದ್ದೆಂದು ನನ್ನ ಎಣಿಕೆ. ಮೊದಲು ಹೊರತಕ್ಕ ವಸ್ತುಗಳು, ಆಮೇಲೆ ಹೊರುವ ದೇಹ, ತರುವಾಯ ಹೋಗುವ ದಾರಿ, ಕಟ್ಟಕಡೆಗೆ ನೋಟ ಎಂಬ ಅನುಕ್ರಮದಲ್ಲಿ ವಿಚಾರ ಮಾಡಿದವನಿಗೆ, ವಿಚಿತ್ರವೆಂಬಂತೆ, ನೋಟವೂ ತಾನಾಗಿಯೇ ದೊರೆಯುತ್ತದೆ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ವಸ್ತುಗಳಿಂದ ಪ್ರಾರಂಭಿಸೋಣ. ಒಂದು ಸಂಜೆ ಚೀಲವನ್ನು ಚಾಪೆಯ ಮೇಲೆ ಸುರಿದು, ಅಡುಗೆಮನೆಯ ತಕ್ಕಡಿಯಿಂದ ಒಂದೊಂದನ್ನೂ ತೂಗಿ ನೋಡುವುದು ಉಪಯುಕ್ತವಾದ ಕೆಲಸ. ಹದಿನಾಲ್ಕು ಅಂಗುಲದ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಒಂದೂವರೆ ಕಿಲೋದ ಆಸುಪಾಸಿನಲ್ಲಿರುತ್ತದೆ. ಕಛೇರಿಯವರು ಕೊಡುವ ದೊಡ್ಡ ಯಂತ್ರವಾದರೆ ಎರಡು ಕಿಲೋವನ್ನು ಮುಟ್ಟುತ್ತದೆ. ಅದರ ಚಾರ್ಜರು ತಂತಿಸಮೇತ ಮುನ್ನೂರು ನಾನೂರು ಗ್ರಾಂ. ಒಂದು ಲೀಟರು ನೀರು ತುಂಬಿದ ಸ್ಟೀಲಿನ ಬಾಟಲಿಯು ನೀರಿನದೇ ಒಂದು ಕಿಲೋದೊಡನೆ ತನ್ನ ಲೋಹದ ಭಾರವನ್ನೂ ಸೇರಿಸಿಕೊಳ್ಳುತ್ತದೆ. ಎರಡು ಅಂತಸ್ತಿನ ಬುತ್ತಿಯ ಡಬ್ಬಿ, ಕೊಡೆ, ಕನ್ನಡಕದ ಡಬ್ಬಿ, ಬೀಗದ ಕೈಗಳು, ಓದುವೆನೆಂಬ ಆಶೆಯಿಂದ ಇಟ್ಟುಕೊಂಡ ಒಂದು ಪುಸ್ತಕ, ಇವುಗಳ ಮೇಲೆ ಬರಿಯ ಚೀಲದ್ದೇ ಒಂದು ಕಿಲೋ. ಹೀಗೆ ಕೂಡಿಸುತ್ತ ಹೋದರೆ ಹತ್ತನೆಯ ತರಗತಿಯ ಹುಡುಗನಿಗೆ ಸರ್ಕಾರವು ವಿಧಿಸಿದ ಐದು ಕಿಲೋದ ಗಡಿಯನ್ನು ಅವನ ತಂದೆಯ ಚೀಲವು ಸದ್ದಿಲ್ಲದೆ ದಾಟಿರುತ್ತದೆ.

ಆದರೂ ನಾವು ಅದೃಷ್ಟವಂತರೇ ಸರಿ. 1981ರಲ್ಲಿ ಹೊತ್ತೊಯ್ಯಬಹುದಾದ ಗಣಕಯಂತ್ರವೆಂದು ಪ್ರಖ್ಯಾತವಾಗಿ ಮಾರುಕಟ್ಟೆಗೆ ಬಂದ ಆಸ್‌ಬೋರ್ನ್ 1 ಎಂಬುದರ ತೂಕ ಹನ್ನೊಂದು ಕಿಲೋ. ಅದನ್ನು ನಿರ್ಮಿಸಿದ ಆಡಂ ಆಸ್‌ಬೋರ್ನ್ ತನ್ನ ಬಾಲ್ಯವನ್ನು ಕಳೆದದ್ದು ತಿರುವಣ್ಣಾಮಲೆಯಲ್ಲಿ, ರಮಣ ಮಹರ್ಷಿಗಳ ಭಕ್ತರಾಗಿದ್ದ ತಂದೆಯ ಮನೆಯಲ್ಲಿ. ಅಪರಿಗ್ರಹವನ್ನು ಬೋಧಿಸುವ ಆಶ್ರಮದ ನೆರಳಿನಲ್ಲಿ ಬೆಳೆದ ಹುಡುಗನು ಮುಂದೆ ಜಗತ್ತಿನ ಹೆಗಲಿಗೆ ಹನ್ನೊಂದು ಕಿಲೋವನ್ನು ಹೊರಿಸಿದ್ದು ವಿಧಿಯ ವಿನೋದವೆನ್ನಬೇಕು.

ತೂಗಿ ನೋಡಿದ ಮೇಲೆ ಅರ್ಧ ಕೆಲಸ ಆದಂತೆಯೇ. ಕಛೇರಿಯಲ್ಲಿ ಶುದ್ಧವಾದ ನೀರು ದೊರೆಯುವುದಾದರೆ ದಾರಿಗೆ ಅರ್ಧ ಲೀಟರು ಸಾಕು. ಎರಡನೆಯ ಚಾರ್ಜರೊಂದನ್ನು ಕೊಂಡು ಮೇಜಿನ ಸೆಳೆಖಾನೆಯಲ್ಲಿ ಬಿಟ್ಟರೆ ವರ್ಷಪೂರ್ತಿ ಹೊರುವ ತೂಕ ಉಳಿಯುತ್ತದೆ. ಬುತ್ತಿಯ ವಿಷಯದಲ್ಲಿ ಮಾತ್ರ ನಾನು ರಾಜಿಗೆ ಸಿದ್ಧನಿಲ್ಲ. ಮನೆಯ ಊಟವನ್ನು ಬಿಟ್ಟು ಹೆಗಲನ್ನು ಹಗುರಗೊಳಿಸಿಕೊಳ್ಳುವುದು ಲಾಭದ ವ್ಯಾಪಾರವಲ್ಲ. ಆದರೆ ಹುಳಿ, ಮಜ್ಜಿಗೆಹುಳಿ, ಗೊಜ್ಜುಗಳನ್ನುಳ್ಳ ಡಬ್ಬಿಯು ಗಣಕಯಂತ್ರದೊಡನೆ ಒಂದೇ ಕೋಣೆಯಲ್ಲಿ ವಾಸ ಮಾಡತಕ್ಕದ್ದಲ್ಲ. ನೆಟ್ಟಗೆ ನಿಲ್ಲಿಸಲು ಸಾಕಷ್ಟು ಅಗಲವಾದ ತಳವುಳ್ಳ ಪ್ರತ್ಯೇಕ ಕೋಣೆಯೊಂದು ಚೀಲದಲ್ಲಿದ್ದರೆ ಒಳ್ಳೆಯದು. ಇಲ್ಲವಾದರೆ ಬುತ್ತಿಗೆಂದೇ ಕೈಯಲ್ಲಿ ಹಿಡಿಯುವ ಪುಟ್ಟ ಚೀಲವೊಂದಿರಲಿ. ಒಮ್ಮೆ ಸಾರು ಚೆಲ್ಲಿದ ಚೀಲದ ಇಂಗಿನ ವಾಸನೆಯನ್ನು ತೊಳೆಯುವ ಸಾಬೂನು ಇನ್ನೂ ಬಂದಂತೆ ಕಾಣೆ.

ಅಳತೆಯ ವಿಷಯದಲ್ಲಿಯೂ ಒಂದು ಭ್ರಾಂತಿಯುಂಟು. ಚೀಲದ ಮೇಲೆ 15.6 ಅಂಗುಲವೆಂದು ಅಚ್ಚಾಗಿರುವುದು ಯಂತ್ರದ ಪರದೆಯ ಮೂಲೆಯಿಂದ ಮೂಲೆಗೆ ಅಳೆದ ಕರ್ಣದ ಉದ್ದವೇ ಹೊರತು ಯಂತ್ರದ ಮೈಯಳತೆಯಲ್ಲ. ಅಂತಹ ಯಂತ್ರವೊಂದು ಸುಮಾರು 36 ಸೆಂಟಿಮೀಟರು ಉದ್ದ, 24 ಸೆಂಟಿಮೀಟರು ಅಗಲವಿರುತ್ತದೆ. ಹಳೆಯದಾದರೆ ಇನ್ನೂ ದಪ್ಪ. ಆದುದರಿಂದ ಅಂಗುಲದ ಸಂಖ್ಯೆಯನ್ನು ನಂಬದೆ ತಮ್ಮ ಯಂತ್ರವನ್ನೇ ಅಂಗಡಿಗೆ ಒಯ್ದು ಇಟ್ಟು ನೋಡುವುದು ಲೇಸು. ಚೀಲದ ಒಳಹರವನ್ನು ಲೀಟರಿನಲ್ಲಿ ಹೇಳುವ ರೂಢಿಯಿದೆ. ನಿತ್ಯದ ಕಛೇರಿಗೆ ಹದಿನೈದರಿಂದ ಇಪ್ಪತ್ತೆರಡು ಲೀಟರಿನೊಳಗಿನದು ಸಾಕು. ಮೂವತ್ತು ಲೀಟರಿನ ಚೀಲವನ್ನು ಕೊಂಡವನು ಅದನ್ನು ತುಂಬದೆ ಬಿಡುವುದಿಲ್ಲ. ಬರಿದಾದ ಜಾಗವನ್ನು ಕಂಡರೆ ಏನನ್ನಾದರೂ ತುರುಕುವುದು ಮನುಷ್ಯಸ್ವಭಾವ.

ಇನ್ನು ದೇಹದ ಮಾತು. ಒಂದೇ ಹೆಗಲಿಗೆ ತೂಗುಹಾಕಿದ ಚೀಲವು ಜಾರದಂತೆ ತಡೆಯುವುದಕ್ಕಾಗಿ, ಕತ್ತಿನಿಂದ ಹೆಗಲಿನವರೆಗೆ ಹಬ್ಬಿರುವ ಸ್ನಾಯುವು ನಮಗರಿವಿಲ್ಲದಂತೆಯೇ ಬಿಗಿದುಕೊಂಡು ಆ ಹೆಗಲನ್ನು ಮೇಲಕ್ಕೆತ್ತಿ ಹಿಡಿಯುತ್ತದೆ. ಭಾರವು ಒಂದು ಪಕ್ಕಕ್ಕೆ ಎಳೆಯುವುದರಿಂದ ಬೆನ್ನುಮೂಳೆಯು ಸಮತೋಲಕ್ಕಾಗಿ ಮತ್ತೊಂದು ಪಕ್ಕಕ್ಕೆ ವಾಲುತ್ತದೆ. ಹತ್ತು ನಿಮಿಷದ ನಡಿಗೆಯಲ್ಲಿ ಇದು ಲೆಕ್ಕಕ್ಕೆ ಬಾರದು. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ, ಎಂದರೆ ನಮ್ಮ ಮೆಟ್ರೋದ ನೇರಳೆ ಮಾರ್ಗದ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ನಲವತ್ತಮೂರು ಕಿಲೋಮೀಟರನ್ನು ನಿಂತುಕೊಂಡೇ ಕ್ರಮಿಸಬೇಕಾದವರಿಗೆ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗಬೇಕಾದವರಿಗೆ, ಇದು ಲೆಕ್ಕಕ್ಕೆ ಬರುತ್ತದೆ. ಎರಡು ಹೆಗಲುಗಳಿಗೂ ಪಟ್ಟಿಯಿರುವ ಬೆನ್ನುಚೀಲವು ಭಾರವನ್ನು ಸಮವಾಗಿ ಹಂಚುತ್ತದೆಂಬುದೇ ಅದರ ಮುಖ್ಯ ಗುಣ. ಆದರೆ ಈ ಗುಣವು ಚೀಲವನ್ನು ಸರಿಯಾಗಿ ಕಟ್ಟಿಕೊಂಡವರಿಗೆ ಮಾತ್ರ ಲಭ್ಯ.

ಕಟ್ಟುವ ಕ್ರಮದಲ್ಲಿ ಒಂದು ಸರಳವಾದ ಭೌತಶಾಸ್ತ್ರವಿದೆ. ಭಾರವಾದ ವಸ್ತುವು ಬೆನ್ನಿನಿಂದ ಎಷ್ಟು ದೂರವಿರುತ್ತದೆಯೋ ಅದು ದೇಹವನ್ನು ಹಿಂದಕ್ಕೆ ತಿರುಗಿಸುವ ಬಲವೂ ಅಷ್ಟು ಹೆಚ್ಚು. ಅದನ್ನೆದುರಿಸಲು ನಾವು ಮುಂದಕ್ಕೆ ಬಾಗುತ್ತೇವೆ, ಬಾಗಿದ ದೇಹದ ಮೇಲೆ ಮುಖವನ್ನೆತ್ತಿ ದಾರಿ ನೋಡಬೇಕಾದುದರಿಂದ ಕತ್ತು ನೋಯುತ್ತದೆ. ಆದುದರಿಂದಲೇ ಲ್ಯಾಪ್‌ಟಾಪಿನ ಕೋಣೆಯು ಬೆನ್ನಿಗೆ ಅಂಟಿಕೊಂಡಿರುವ ಭಾಗದಲ್ಲಿರಬೇಕು, ಹಗುರವಾದ ಕೊಡೆ ಕಾಗದಗಳು ಹೊರಗಿನ ಭಾಗದಲ್ಲಿರಬೇಕು. ನೀರಿನ ಬಾಟಲಿಯನ್ನು ಒಂದು ಪಕ್ಕದ ಜೇಬಿನಲ್ಲಿಟ್ಟರೆ ಕೊಡೆಯನ್ನೋ ಚಾರ್ಜರನ್ನೋ ಮತ್ತೊಂದು ಪಕ್ಕದಲ್ಲಿಟ್ಟು ಸಮತೂಕ ಮಾಡಬೇಕು. ಪಟ್ಟಿಗಳನ್ನು ಎಳೆದು ಚೀಲದ ತಳವು ಸೊಂಟದಿಂದ ಕೆಳಗಿಳಿಯದಂತೆ ಬಿಗಿಮಾಡಿಕೊಳ್ಳಬೇಕು; ಪಟ್ಟಿಯನ್ನು ಸಡಿಲಬಿಟ್ಟು ನಿತಂಬದ ಮೇಲೆ ಚೀಲವನ್ನು ಕುಣಿಸುವುದು ಕಾಲೇಜಿನ ಹುಡುಗರ ವಿಲಾಸವಾಗಿರಬಹುದು, ಅದರಲ್ಲಿ ಆರಾಮವಿಲ್ಲ. ಪಟ್ಟಿಯ ಅಗಲವು ನಾಲ್ಕು ಬೆರಳಿಗೆ ಕಡಿಮೆಯಿರಬಾರದು. ಅದರೊಳಗಿನ ಮೆತ್ತೆಯು ಮೃದುವಾಗಿರುವುದಕ್ಕಿಂತ ತುಸು ಗಟ್ಟಿಯಾಗಿರುವುದು ಮೇಲು. ಹಿಂಡಿದೊಡನೆ ಕಾಗದದಂತಾಗುವ ಮೆತ್ತೆಯು ಅಂಗಡಿಯಲ್ಲಿ ಹಂಸತೂಲಿಕೆಯಂತೆ ತೋರಿ, ಮೂರು ತಿಂಗಳಾದ ಮೇಲೆ ಹಗ್ಗದಂತೆ ಹೆಗಲನ್ನು ಕೊರೆಯುತ್ತದೆ. ಎದೆಯ ಮುಂದೆ ಎರಡು ಪಟ್ಟಿಗಳನ್ನು ಜೋಡಿಸುವ ಸಣ್ಣ ಕೊಂಡಿಯಿದ್ದರೆ, ಇಳಿಜಾರಾದ ಹೆಗಲಿನವರಿಗೆ ಅದು ದೊಡ್ಡ ಉಪಕಾರಿ.

ದಾರಿಯು ಮೂರನೆಯ ನಿರ್ಣಾಯಕ. ಮೆಟ್ರೋದಲ್ಲಿ ಪ್ರತಿಯೊಂದು ಚೀಲವೂ ತಪಾಸಣೆಯ ಯಂತ್ರದ ಪಟ್ಟಿಯ ಮೇಲೆ ಮಲಗಿ ಹೋಗಬೇಕಾದುದರಿಂದ, ಜೋತಾಡುವ ಪಟ್ಟಿಗಳೂ ಹೊರಗೆ ತೂಗುವ ಬಾಟಲಿಗಳೂ ಪ್ರತಿದಿನ ಸಣ್ಣ ಕಿರುಕುಳವನ್ನು ಕೊಡುತ್ತವೆ. ನೂಕುನುಗ್ಗಲಿನ ಬೋಗಿಯಲ್ಲಿ ಬೆನ್ನುಚೀಲವನ್ನು ತೆಗೆದು ಎದೆಯ ಮುಂದೆ ಹಿಡಿದುಕೊಳ್ಳುವುದು ಶಿಷ್ಟಾಚಾರವೂ ಹೌದು, ಜಾಣತನವೂ ಹೌದು. ಹೊತ್ತವನಿಗೆ ತನ್ನ ಬೆನ್ನ ಹಿಂದಿನ ಒಂದೂಕಾಲಡಿ ಜಾಗ ಕಾಣದು, ಆದರೆ ಅದು ತಾಗುವ ಮುಖಗಳಿಗೆ ಚೆನ್ನಾಗಿಯೇ ಕಾಣುತ್ತದೆ. ಹೀಗೆ ದಿನಕ್ಕೆ ಹತ್ತು ಸಲ ಇಳಿಸಿ ಏರಿಸಬೇಕಾದ ಚೀಲಕ್ಕೆ ಮೇಲೊಂದು ಗಟ್ಟಿಯಾದ ಹಿಡಿಯಿರಲೇಬೇಕು. ಮೈಸೂರು, ಮಂಡ್ಯ, ಮದ್ದೂರುಗಳಿಂದ ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ನಿತ್ಯವೂ ರಾಜಧಾನಿಗೆ ಬಂದುಹೋಗುವವರು ಚೀಲವನ್ನು ತಲೆಯ ಮೇಲಿನ ಹಲಗೆಗೆ ತಳ್ಳುವವರಾದುದರಿಂದ, ಪಕ್ಕದಲ್ಲಿಯೂ ಒಂದು ಹಿಡಿಯಿದ್ದರೆ ಎಳೆದುಕೊಳ್ಳಲು ಸುಲಭ.

ಸ್ಕೂಟರಿನವರ ಪಾಡು ಬೇರೆ. ಕಾಲಿನ ಬಳಿ ಚೀಲವನ್ನು ನಿಲ್ಲಿಸಿಕೊಳ್ಳುವವರಿಗೆ ನೆಟ್ಟಗೆ ನಿಲ್ಲುವ, ಒದ್ದೆಯಾದರೂ ಕೆಡದ ತಳವು ಮುಖ್ಯ. ಬೆನ್ನಿಗೇರಿಸಿಕೊಳ್ಳುವವರು ಪಟ್ಟಿಯನ್ನು ಸ್ವಲ್ಪ ಇಳಿಸಿ ಚೀಲದ ತಳವು ಆಸನದ ಮೇಲೆ ಕೂರುವಂತೆ ಮಾಡಿಕೊಂಡರೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ವಾಹನಸಮುದ್ರದಲ್ಲಿ ನಿಂತಿರುವಷ್ಟು ಹೊತ್ತೂ ಭಾರವನ್ನು ಗಾಡಿಯೇ ಹೊರುತ್ತದೆ. ಪಟ್ಟಿಯ ಉಳಿದ ತುದಿಗಳು ಗಾಳಿಗೆ ಹಾರಿ ಚಕ್ರದತ್ತ ಹೋಗದಂತೆ ಸುತ್ತಿ ಸಿಕ್ಕಿಸುವುದನ್ನು ಮರೆಯಬಾರದು.

ಸ್ತ್ರೀಯರ ವಿಷಯದಲ್ಲಿ ಚೀಲವನ್ನು ತಯಾರಿಸುವವರು ತೋರುವ ಅನಾದರವನ್ನು ಇಲ್ಲಿ ಹೇಳದೆ ಗತಿಯಿಲ್ಲ. ಸೀರೆಯನ್ನುಟ್ಟವರ ಎಡಹೆಗಲಿನಲ್ಲಿ ಸೆರಗಿನ ನೆರಿಗೆಗಳಿರುತ್ತವೆ. ಅದರ ಮೇಲೆ ಪಟ್ಟಿಯನ್ನು ಏರಿಸಿದರೆ ನೆರಿಗೆ ನಜ್ಜುಗುಜ್ಜಾಗುತ್ತದೆ, ಪಿನ್ನು ಕಿತ್ತು ಬಟ್ಟೆ ಹರಿಯುತ್ತದೆ. ಎದೆಗೆ ಅಡ್ಡಲಾಗಿ ತೊಡುವ ಒಂಟಿ ಪಟ್ಟಿಯ ಚೀಲವು ದುಪಟ್ಟಾವನ್ನು ತನ್ನೊಡನೆ ಎಳೆದೊಯ್ಯುತ್ತದೆ. ಒರಟಾದ ವೆಲ್ಕ್ರೋ ಪಟ್ಟಿಯು ರೇಷ್ಮೆಯ ಎಳೆಯನ್ನೂ ಹತ್ತಿಯ ಎಳೆಯನ್ನೂ ಸಮಾನವಾಗಿ ಕೀಳುತ್ತದೆ. ಆದುದರಿಂದ ಸೀರೆಯುಡುವವರಿಗೆ ಬಲಹೆಗಲಿನಲ್ಲಿ ನಿಲ್ಲುವ, ಅಗಲವಾದ ಪಟ್ಟಿಯ, ಬಾಯಿಗೆ ಪೂರ್ತಿ ಜಿಪ್ ಇರುವ, ಹಗುರವಾದ ಚೀಲವೇ ಹೊಂದಿಕೆಯಾದದ್ದು. ಬಾಯಿ ತೆರೆದ ಚೀಲಗಳು ಚಿತ್ರದಲ್ಲಿ ಸೊಗಸಾಗಿದ್ದರೂ ಬಸ್ಸಿನಲ್ಲಿ ಕಳ್ಳರ ಕೈಗೆ ತೆರೆದ ಬಾಗಿಲು. ಯಂತ್ರವನ್ನು ಪ್ರತಿದಿನ ಒಯ್ಯಲೇಬೇಕಾದರೆ ಒಂದೂಕಾಲು ಕಿಲೋದೊಳಗಿನ ಯಂತ್ರವನ್ನು ಕಛೇರಿಯಲ್ಲಿ ಕೇಳಿ ಪಡೆಯುವುದು, ಚೀಲವನ್ನು ಬದಲಿಸುವುದಕ್ಕಿಂತ ಉತ್ತಮವಾದ ಚಿಕಿತ್ಸೆ. 2023ರ ಜೂನ್ ತಿಂಗಳಿನಲ್ಲಿ ಶಕ್ತಿ ಯೋಜನೆಯು ಪ್ರಾರಂಭವಾದಂದಿನಿಂದ ಸರ್ಕಾರಿ ಬಸ್ಸಿನ ನಿರ್ವಾಹಕರಿಗೆ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯದರದ ಟಿಕೆಟನ್ನು ಪಡೆಯುವ ರೂಢಿ ಬಂದಿರುವುದರಿಂದ, ಒಂದು ಕೈಯಲ್ಲಿ ಕಂಬಿಯನ್ನು ಹಿಡಿದೇ ಇನ್ನೊಂದು ಕೈಯಿಂದ ತೆರೆಯಬಹುದಾದ ಚಿಕ್ಕ ಹೊರಜೇಬೊಂದು ಇದ್ದರೆ ದೊಡ್ಡ ಸೌಲಭ್ಯ. ನಿಂತ ಬಸ್ಸಿನಲ್ಲಿ ಸುಲಭವಾದ ಕೆಲಸವು ತಿರುವಿನಲ್ಲಿ ವಾಲುವ ಬಸ್ಸಿನಲ್ಲಿ ಸರ್ಕಸ್ಸಾಗುತ್ತದೆ.

ಚೀಲದ ದ್ರವ್ಯವನ್ನು ಕುರಿತು ಅಂಗಡಿಯವರು ಆಡುವ ಮಾತುಗಳಲ್ಲಿ ಡೆನಿಯರ್ ಎಂಬುದು ಪದೇಪದೇ ಕಿವಿಗೆ ಬೀಳುತ್ತದೆ. ಒಂಬತ್ತು ಸಾವಿರ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಅದರ ಡೆನಿಯರು. ಈ ಮಾನವು ಮೂಲತಃ ರೇಷ್ಮೆಯದು. ರಾಮನಗರ ಶಿಡ್ಲಘಟ್ಟಗಳಲ್ಲಿ ಗೂಡಿನಿಂದ ನೂಲು ತೆಗೆಯುವವರಿಗೆ ಇದು ಮನೆಮಾತು, ಅವರು ಬಿಚ್ಚುವ ಕಚ್ಚಾ ರೇಷ್ಮೆಯು ಇಪ್ಪತ್ತು ಡೆನಿಯರಿನ ಆಸುಪಾಸಿನದು. ಚೀಲದ ಬಟ್ಟೆಗೆ ಆರುನೂರು ಡೆನಿಯರಿನ ಪಾಲಿಯೆಸ್ಟರು ಸಾಮಾನ್ಯ. ಎರಡನೆಯ ಮಹಾಯುದ್ಧದಲ್ಲಿ ವಿಮಾನಯೋಧರ ರಕ್ಷಾಕವಚಕ್ಕೆಂದು ನೇಯ್ದು ಬೆಲೆಯುಳ್ಳ ಚೀಲಗಳಿಗೆ ಇಳಿದುಬಂದ ಬ್ಯಾಲಿಸ್ಟಿಕ್ ನೈಲಾನು ಒಂದು ಸಾವಿರದ ಐವತ್ತು ಡೆನಿಯರಿನದು. ಸಂಖ್ಯೆ ಹೆಚ್ಚಿದಷ್ಟೂ ಬಟ್ಟೆ ದಪ್ಪ, ಬಾಳಿಕೆಯೂ ಸಾಮಾನ್ಯವಾಗಿ ಹೆಚ್ಚು. ಆದರೆ ತೂಕವೂ ಹೆಚ್ಚೆಂಬುದನ್ನು ಅಂಗಡಿಯವನು ಹೇಳುವುದಿಲ್ಲ. ಉಜ್ಜಾಟವನ್ನು ಸಹಿಸುವುದರಲ್ಲಿ ನೈಲಾನು ಮೇಲು, ಬಿಸಿಲಿಗೆ ಬಣ್ಣ ಕೆಡದಿರುವುದರಲ್ಲಿ ಪಾಲಿಯೆಸ್ಟರು ಮೇಲು. ಕಲಬುರಗಿ ರಾಯಚೂರುಗಳ ಬಿಸಿಲಿನಲ್ಲಿ ತಿರುಗುವವರು ಈ ಎರಡನೆಯದನ್ನು ಗಮನಿಸಬಹುದು.

ತೊಗಲಿಗೆ ತನ್ನದೇ ಆದ ಗಾಂಭೀರ್ಯವುಂಟು, ಅದನ್ನು ಅಲ್ಲಗಳೆಯುವವನು ನಾನಲ್ಲ. ನಮ್ಮ ಬಯಲುಸೀಮೆಯ ಬೇಲಿಬದಿಯಲ್ಲಿ ಹಳದಿಯ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಹದಮಾಡಿದ ದಕ್ಷಿಣದ ತೊಗಲು ಹಿಂದೆ ಸಮುದ್ರವನ್ನು ದಾಟಿ ಹೋಗುತ್ತಿತ್ತು. ಈಗ ಬಹುಪಾಲು ಹದಗಾರಿಕೆಯು ಕ್ರೋಮಿಯಂ ಲವಣದಿಂದ ನಡೆಯುತ್ತದೆ. ಒಳ್ಳೆಯ ತೊಗಲಿನ ಚೀಲವು ವರ್ಷಗಳು ಕಳೆದಂತೆ ಮೆರುಗೇರುತ್ತದೆ, ವಕೀಲರಿಗೆ, ಬ್ಯಾಂಕಿನ ಅಧಿಕಾರಿಗಳಿಗೆ, ಹೊರೆ ಕಡಿಮೆಯುಳ್ಳ ಯಾರಿಗೇ ಆಗಲಿ ಅದು ಒಪ್ಪುತ್ತದೆ. ರಾಜ್ಯ ಸರ್ಕಾರದ ಲಿಡ್ಕರ್ ಮಳಿಗೆಗಳಲ್ಲಿಯೂ ಅಂತಹವು ದೊರೆಯುತ್ತವೆ. ಆದರೆ ಬರಿದಾಗಿದ್ದಾಗಲೇ ಒಂದೂವರೆ ಕಿಲೋ ತೂಗುವ ತೊಗಲಿನ ಚೀಲವನ್ನು ದಿನವೂ ಬಸ್ಸಿನಲ್ಲಿ ನಿಂತು ಹೊರುವವರು ಎರಡು ಬಾರಿ ಯೋಚಿಸಬೇಕು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಆಷಾಢ ಶ್ರಾವಣಗಳಲ್ಲಿ ತೊಗಲಿನ ಮೇಲೆ ಬೂಷ್ಟು ಕಟ್ಟುವುದು ತಪ್ಪಿದ್ದಲ್ಲ. ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸುತ್ತಿಡದೆ ಗಾಳಿಯಾಡುವ ಕಡೆ ತೂಗುಹಾಕಿ, ಆಗಾಗ ಒಣಬಟ್ಟೆಯಿಂದ ಒರೆಸಬೇಕು. ಇನ್ನು ತೊಗಲಿನಂತೆ ತೋರುವ ಕೃತಕ ದ್ರವ್ಯಗಳ ವಿಷಯ: ಬಟ್ಟೆಯ ಮೇಲೆ ಪಾಲಿಯುರೇಥೇನಿನ ತೆಳುವಾದ ಲೇಪವನ್ನು ಹಚ್ಚಿದ ಇವುಗಳು ಗಾಳಿಯ ತೇವದೊಡನೆ ರಾಸಾಯನಿಕವಾಗಿ ಒಡೆದುಕೊಂಡು ಕೆಲವು ವರ್ಷಗಳಲ್ಲಿ ಚಕ್ಕೆಚಕ್ಕೆಯಾಗಿ ಸುಲಿಯುತ್ತವೆ. ಬಳಸದೆ ಕಪಾಟಿನಲ್ಲಿಟ್ಟರೂ ಸುಲಿಯುತ್ತವೆ. ಮಂಗಳೂರು ಕಾರವಾರಗಳ ಹವೆಯಲ್ಲಿ ಇವುಗಳಿಗೆ ಹಣ ಸುರಿಯುವುದನ್ನು ನಾನು ಅನುಮೋದಿಸಲಾರೆ. ಖಾದಿಯ ಬಗಲಚೀಲವನ್ನೂ ಕ್ಯಾನ್ವಾಸಿನ ಚೀಲವನ್ನೂ ಪ್ರೀತಿಸುವವರಿದ್ದಾರೆ, ನಾನೂ ಅವರಲ್ಲೊಬ್ಬ. ಪುಸ್ತಕದಂಗಡಿಗೆ ಹೋಗಲು ಅದಕ್ಕೆ ಸಮಾನವಾದುದಿಲ್ಲ. ಆದರೆ ಹತ್ತಿಯು ನೆನೆದರೆ ಭಾರವಾಗಿ ನಿಧಾನವಾಗಿ ಒಣಗುವ ಬಟ್ಟೆ. ಯಂತ್ರವನ್ನೊಯ್ಯುವ ಕೆಲಸವನ್ನು ಅದಕ್ಕೆ ವಹಿಸಬಾರದು.

ಮಳೆಯ ವಿಷಯದಲ್ಲಿ ಜನ ತಪ್ಪಾಗಿ ಬಟ್ಟೆಯನ್ನು ಶಂಕಿಸುತ್ತಾರೆ. ನೀರು ಒಳಹೋಗುವುದು ಬಹುಮಟ್ಟಿಗೆ ಬಟ್ಟೆಯ ಮೂಲಕವಲ್ಲ, ಜಿಪ್ಪಿನ ಹಲ್ಲುಗಳ ನಡುವಿನಿಂದ ಮತ್ತು ಹೊಲಿಗೆಯ ಸೂಜಿರಂಧ್ರಗಳಿಂದ. ಜಿಪ್ಪಿನ ಮೇಲೆ ಬಟ್ಟೆಯ ಮಡಿಕೆಯೊಂದು ಚಾವಣಿಯಂತೆ ಮುಚ್ಚಿದ್ದರೆ, ಒಳಗಿನ ಲೇಪ ಚೆನ್ನಾಗಿದ್ದರೆ, ಬೆಂಗಳೂರಿನ ಸಂಜೆಯ ಮಳೆಗೆ ಅಷ್ಟೇ ಸಾಕು. ರೈನ್ ಕವರು ಹೊದಿಸಿದರೂ ಬೆನ್ನಿಗೆ ತಾಗುವ ಭಾಗವು ಬಯಲಾಗಿಯೇ ಇರುತ್ತದೆ. ಸ್ಕೂಟರಿನ ಮೇಲೆ ನೆನೆದ ಅಂಗಿಯಿಂದ ಇಳಿದ ನೀರು ಅಲ್ಲಿಂದಲೇ ಲ್ಯಾಪ್‌ಟಾಪಿನ ಕೋಣೆಗೆ ದಾರಿ ಹುಡುಕುತ್ತದೆ. ಯಂತ್ರವನ್ನು ಒಂದು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒಳಗಿಡುವ ಹಳ್ಳಿಯ ಬುದ್ಧಿಯೇ ಜೂನಿನಿಂದ ಅಕ್ಟೋಬರಿನವರೆಗೆ ಎಲ್ಲಕ್ಕಿಂತ ಭದ್ರ. ಚೀಲದ ಪಕ್ಕದಲ್ಲಿ ಮೊಬೈಲನ್ನು ಚಾರ್ಜು ಮಾಡುವುದಕ್ಕೆಂದು ಕೊರೆದಿರುವ ತೂತನ್ನು ಹೊಸತನವೆಂದು ಮಾರುತ್ತಾರೆ. ಒಳಗೆ ಪವರ್ ಬ್ಯಾಂಕನ್ನು ನಾವೇ ಇಡಬೇಕಾದ ಮೇಲೆ ಆ ತೂತಿನಿಂದ ಒಳಬರುವುದು ಮಳೆಯ ನೀರೊಂದೇ.

ಚೀಲದ ಆಯುಸ್ಸನ್ನು ನಿರ್ಣಯಿಸುವವು ಎರಡು, ಜಿಪ್ಪು ಮತ್ತು ಹೊಲಿಗೆ. ಗಿಡಿಯನ್ ಸುಂಡ್‌ಬ್ಯಾಕ್ ಎಂಬ ಸ್ವೀಡನ್ ಮೂಲದ ಎಂಜಿನಿಯರು ಇಂದಿನ ರೂಪದ ಜಿಪ್ಪಿಗೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದದ್ದು 1917ರಲ್ಲಿ. ಜಪಾನಿನ ತಡಾವೊ ಯೋಷಿಡಾ 1934ರಲ್ಲಿ ಆರಂಭಿಸಿದ ಕಾರ್ಖಾನೆಯು ಇಂದು ವೈಕೆಕೆ ಎಂಬ ಮೂರಕ್ಷರವಾಗಿ ಪ್ರಪಂಚದ ಜಿಪ್ಪುಗಳ ಮೇಲೆ ಕುಳಿತಿದೆ. ಆ ಅಕ್ಷರಗಳಿದ್ದರೆ ಸಂತೋಷ, ಆದರೆ ನಕಲಿಯವರೂ ಅಕ್ಷರ ಬಲ್ಲವರೇ. ಜಿಪ್ಪಿನ ಗಾತ್ರವನ್ನು ಸಂಖ್ಯೆಯಿಂದ ಹೇಳುತ್ತಾರೆ. ಮುಚ್ಚಿದಾಗ ಹಲ್ಲುಗಳ ಸಾಲು ಸುಮಾರು ಅಷ್ಟು ಮಿಲಿಮೀಟರು ಅಗಲವಿರುತ್ತದೆಂದು ತಿಳಿಯಬಹುದು. ಮುಖ್ಯವಾದ ಬಾಯಿಗೆ ಎಂಟು ಅಥವಾ ಹತ್ತರ ಜಿಪ್ಪು, ಜೇಬುಗಳಿಗೆ ಐದರದು ಸೂಕ್ತ. ಹೊಲಿಗೆಯನ್ನು ಮೊದಲು ಪರೀಕ್ಷಿಸಬೇಕಾದ ಸ್ಥಳ: ಹೆಗಲಪಟ್ಟಿಯು ಚೀಲದ ಮೈಗೆ ಸೇರುವ ಮೇಲ್ತುದಿ. ಅಲ್ಲಿ ಚೌಕದೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿದಿದ್ದರೆ, ಅಥವಾ ನೂಲನ್ನು ಒತ್ತೊತ್ತಾಗಿ ಹಿಂದಕ್ಕೂ ಮುಂದಕ್ಕೂ ಹಾಯಿಸಿ ಗಂಟಿನಂತೆ ಬಿಗಿದಿದ್ದರೆ ನಂಬಬಹುದು. ಆಮೇಲೆ ಚೀಲದ ಒಳಗನ್ನು ಹೊರಳಿಸಿ ನೋಡಬೇಕು. ಬಟ್ಟೆಯ ಕತ್ತರಿಸಿದ ಅಂಚುಗಳನ್ನು ಪಟ್ಟಿಯಿಂದ ಮುಚ್ಚಿ ಹೊಲಿದಿರುವವನು ಕೆಲಸ ಬಲ್ಲವನು; ಅಂಚಿನಿಂದ ಎಳೆಗಳು ಇಣುಕುತ್ತಿದ್ದರೆ ಹೊರಗಿನ ಥಳಕನ್ನು ನಂಬಬೇಡಿ. ಲ್ಯಾಪ್‌ಟಾಪಿನ ಕೋಣೆಯು ಚೀಲದ ತಳವನ್ನು ಮುಟ್ಟದೆ ಒಂದೆರಡು ಸೆಂಟಿಮೀಟರು ಮೇಲೆಯೇ ನಿಂತಿರಬೇಕು. ಇಲ್ಲದಿದ್ದರೆ ಚೀಲವನ್ನು ನೆಲಕ್ಕಿಟ್ಟಾಗಲೆಲ್ಲ ಯಂತ್ರದ ಮೂಲೆಯು ನೇರವಾಗಿ ನೆಲಕ್ಕೆ ಕುಟ್ಟುತ್ತದೆ. ಒಳಬಟ್ಟೆಯು ತಿಳಿಬಣ್ಣದ್ದಾಗಿದ್ದರೆ ಕಪ್ಪು ತಂತಿಯೂ ಕಪ್ಪು ಪೆನ್ನೂ ಕಣ್ಣಿಗೆ ಬೀಳುತ್ತವೆ.

ಈಗ ನೋಟದ ವಿಚಾರಕ್ಕೆ ಬರೋಣ. ಹಿಂದೆ ಅಧಿಕಾರಿಯ ಗುರುತೆಂದರೆ ಬ್ರೀಫ್‌ಕೇಸು. ಗುಮಾಸ್ತನ ಗುರುತೆಂದರೆ ರೆಕ್ಸಿನ್ನಿನ ಕೈಚೀಲ. ಬೆನ್ನುಚೀಲವು ಪರ್ವತಾರೋಹಿಗಳದಾಗಿದ್ದು, ಅವರಿಂದ ವಿದ್ಯಾರ್ಥಿಗಳಿಗೆ ಬಂದು, ಗಣಕಯಂತ್ರದ ಸಂಗಡ ಕಛೇರಿಯ ಹೊಸ್ತಿಲನ್ನು ದಾಟಿತು; ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಕೂಡ ಚಾರಣಿಗರ ಸಾಮಗ್ರಿಗಳಿಂದ ಹೊರಟು ಕಛೇರಿಯ ಚೀಲಕ್ಕೆ ಬಂದದ್ದು. ಈ ವಂಶಾವಳಿಯ ಗುರುತುಗಳು, ಎಂದರೆ ಹೊರಗೆ ಹೆಣೆದ ಹಗ್ಗಗಳು, ಕೊಕ್ಕೆಗಳು, ಕಣ್ಣು ಕುಕ್ಕುವ ಬಣ್ಣಗಳು, ಅಂಗೈಯಗಲದ ಹೆಸರುಗಳು, ಕುದುರೆಮುಖವನ್ನು ಹತ್ತುವವನಿಗೆ ಶೋಭೆ, ಸಭಾಂಗಣದ ಮೇಜಿನ ಪಕ್ಕದಲ್ಲಿ ಅಸಂಗತ. ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದ ಕಾಶ್ಮೀರದ ಕ್ಷೇಮೇಂದ್ರನು ಚೀಲಗಳ ಅಂಗಡಿಗೆ ಬಂದಿದ್ದರೆ ಬೇರೆ ಶಾಸ್ತ್ರವನ್ನೇನೂ ಬರೆಯಬೇಕಾಗಿರಲಿಲ್ಲ. ಕಪ್ಪು, ಗಾಢ ನೀಲಿ, ಬೂದಿ, ಕಂದು ಈ ನಾಲ್ಕರೊಳಗಿನ ಒಂದು ಬಣ್ಣ, ಹೊರಗೆ ಎರಡಕ್ಕಿಂತ ಹೆಚ್ಚಿಲ್ಲದ ಜಿಪ್ಪು, ಅಚ್ಚುಕಟ್ಟಾದ ಅಂಚು, ಇಷ್ಟಿದ್ದರೆ ಗೌರವಕ್ಕೆ ಕೊರತೆಯಿಲ್ಲ.

ಆದರೆ ಇವೆಲ್ಲಕ್ಕಿಂತ ಮಿಗಿಲಾದುದು ಆಕಾರ. ಅತಿ ದುಬಾರಿಯಾದ ಚೀಲವೂ ಬುತ್ತಿಯ ಡಬ್ಬಿಯನ್ನು ತುರುಕಿದ ಕಡೆ ಉಬ್ಬಿ, ಉಳಿದ ಕಡೆ ಕುಸಿದು, ನೆಲಕ್ಕಿಟ್ಟೊಡನೆ ಪಕ್ಕಕ್ಕೆ ಉರುಳಿದರೆ ಅದರ ಒಡೆಯನು ಅವ್ಯವಸ್ಥಿತನಂತೆ ತೋರುತ್ತಾನೆ. ಸಾಧಾರಣ ಬೆಲೆಯ ಚೀಲವು ತನ್ನ ಹೊರೆಗೆ ಸರಿಯಾದ ಅಳತೆಯದಾಗಿದ್ದು, ಗಟ್ಟಿಯಾದ ತಳದ ಮೇಲೆ ನೆಟ್ಟಗೆ ನಿಂತು, ಹೆಗಲಿಗೇರಿದಾಗ ಬೆನ್ನಿನ ಮಧ್ಯದಲ್ಲಿ ಕದಲದೆ ಕೂತಿದ್ದರೆ, ಹೊತ್ತವನ ನಡಿಗೆಯೂ ನೆಟ್ಟಗಾಗಿ ಅವನು ದೂರದಿಂದಲೇ ಶಿಸ್ತುಗಾರನಂತೆ ಕಾಣುತ್ತಾನೆ. ಹೊರೆಯನ್ನೂ ದೇಹವನ್ನೂ ಮೊದಲು ವಿಚಾರಿಸಿದರೆ ನೋಟವು ತಾನಾಗಿ ದೊರೆಯುತ್ತದೆಂದು ಮೊದಲಿಗೆ ಹೇಳಿದ್ದು ಈ ಅರ್ಥದಲ್ಲಿ. ಕೆಲಸಕ್ಕೆ ಸೇರಿದ ದಿನ ಸಂಸ್ಥೆಯವರು ತಮ್ಮ ಮುದ್ರೆಯೊತ್ತಿ ಪುಕ್ಕಟೆಯಾಗಿ ಕೊಡುವ ಚೀಲಕ್ಕೂ ಇದೇ ಪರೀಕ್ಷೆಯನ್ನು ಒಡ್ಡಬೇಕು. ಎಲ್ಲರ ಬೆನ್ನಿಗೂ ಒಂದೇ ಅಳತೆಯೆಂದು ತಿಳಿದು ಮಾಡಿದ ವಸ್ತುವು ಕೆಲವರ ಬೆನ್ನಿಗೆ ಮಾತ್ರ ಒಪ್ಪೀತು.

ಕೊಳ್ಳಲು ಹೊರಟ ದಿನ, ನಿತ್ಯ ಒಯ್ಯುವ ಎಲ್ಲವನ್ನೂ ಹಳೆಯ ಚೀಲದಲ್ಲಿ ತುಂಬಿಕೊಂಡೇ ಅಂಗಡಿಗೆ ಹೋಗಬೇಕು. ಹೊಸದಕ್ಕೆ ಅವನ್ನು ವರ್ಗಾಯಿಸಿ, ಹೆಗಲಿಗೇರಿಸಿ, ಅಂಗಡಿಯೊಳಗೆ ಹತ್ತು ನಿಮಿಷ ತಿರುಗಾಡಿ, ಒಂದೇ ಕೈಯಿಂದ ಜಿಪ್ಪನ್ನು ತೆರೆದು ಮುಚ್ಚಿ, ನೆಲದ ಮೇಲೆ ಬಿಟ್ಟು ನಿಲ್ಲುತ್ತದೆಯೋ ಬೀಳುತ್ತದೆಯೋ ನೋಡಬೇಕು. ಮಾರುವವನು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಸೀರೆಯಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಿದವರ ನಾಡಿದು. ಚಿಕ್ಕಪೇಟೆಯ ಗಲ್ಲಿಗಳಲ್ಲಿಯೂ ಕಮರ್ಷಿಯಲ್ ಸ್ಟ್ರೀಟಿನಲ್ಲಿಯೂ ಚೌಕಾಸಿಗೆ ಅವಕಾಶವಿದೆ, ಆದರೆ ಅಲ್ಲಿ ದುರಸ್ತಿಯ ವಾಗ್ದಾನ ಬಾಯಿಮಾತಿನದು. ಹೆಸರಾಂತ ಕಂಪನಿಯ ಮಳಿಗೆಯಲ್ಲಿ ಬರೆದುಕೊಟ್ಟ ವಾರಂಟಿ ಇರುತ್ತದೆ, ಅದನ್ನು ಓದಿದರೆ ಹೊಲಿಗೆ, ಜಿಪ್ಪುಗಳ ತಯಾರಿಕೆಯ ದೋಷಕ್ಕೆ ಮಾತ್ರ ಅದು ಅನ್ವಯಿಸುತ್ತದೆ, ಸವೆತಕ್ಕಲ್ಲ ಎಂಬುದು ಸಾಮಾನ್ಯವಾಗಿ ಸಣ್ಣಕ್ಷರದಲ್ಲಿ ಕಾಣುತ್ತದೆ. ಹೊಸ ಚೀಲವನ್ನು ಕೊಂಡ ಮಾತ್ರಕ್ಕೆ ಹಳೆಯದನ್ನು ಎಸೆಯಬೇಕಾಗಿಯೂ ಇಲ್ಲ. ಜಿಪ್ಪು ಮುಚ್ಚಿದರೂ ಹಿಂದೆ ಬಾಯಿ ಬಿಡುತ್ತಿದ್ದರೆ ಹಲ್ಲುಗಳು ಹಾಳಾಗಿರುವುದು ಅಪರೂಪ. ಬಹುಶಃ ರನ್ನರಿನ ದವಡೆಯು ಸಡಿಲಗೊಂಡಿರುತ್ತದೆ. ಬಸ್ ನಿಲ್ದಾಣದ ಬದಿಯಲ್ಲಿ ಹೊಲಿಗೆಯಂತ್ರವನ್ನಿಟ್ಟುಕೊಂಡು ಕುಳಿತ ಬ್ಯಾಗ್ ರಿಪೇರಿಯವರು ಅದನ್ನು ಇಕ್ಕಳದಿಂದ ಒತ್ತಿಯೋ, ಹೊಸ ರನ್ನರನ್ನು ಹಾಕಿಯೋ, ಬಸ್ಸು ಬರುವುದರೊಳಗೆ ಸರಿಮಾಡಿ ಕೊಡುತ್ತಾರೆ. ಹೆಗಲಪಟ್ಟಿಯ ಹೊಲಿಗೆ ಬಿಚ್ಚಿದ್ದರೆ ಅದನ್ನೂ ಆಗಲೇ ತೋರಿಸಿ ಎರಡು ಸಾಲು ಹೆಚ್ಚಾಗಿ ಹೊಲಿಸಿಕೊಳ್ಳುವುದು ಒಳ್ಳೆಯದು.